ಎಣಿಸಬಾರದ ಹಿಂಡು

ಅಂಬಣ್ಣನಿಗೆ ಎಣಿಸಲು ಬಂದದ್ದೇ ಮೊದಲ ತಪ್ಪು. ಇದು ೧೯೭೦ರ ಮಾತು. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಲ್ಲಿ ಆ ಮನೆತನದಿಂದ ಶಾಲೆಯ ಹೊಸ್ತಿಲು ದಾಟಿದವನು ಅವನೊಬ್ಬನೇ. ಅಪ್ಪ ಕನಕಪ್ಪ ಕುರಿ ಕಾಯುವವನು, ಅಜ್ಜ ಕುರಿ ಕಾದವನು, ಅಜ್ಜನ ಅಜ್ಜ ತಾನೇ ಬೇರೇನು ಮಾಡಿದ್ದಾನು. ಅವ್ವ ಬಂಡೆಮ್ಮ ಮಾತ್ರ ಹಟ ಹಿಡಿದು ಮಗನ ಕೈಗೆ ಪಾಟಿ ಕೊಟ್ಟಿದ್ದಳು. ಹತ್ತು ವರ್ಷದ ಹುಡುಗ ನೂರರವರೆಗೆ ಒಂದೇ ಉಸಿರಿನಲ್ಲಿ ಎಣಿಸುತ್ತಿದ್ದ. ಕಲಿತ ವಿದ್ಯೆಯನ್ನು ಎಲ್ಲಾದರೂ ಬಳಸಬೇಕಲ್ಲ, ಅಪ್ಪನ ಕುರಿಗಳ ಮೇಲೆಯೇ ಬಳಸಿದ.

ಕನಕಪ್ಪ ಸಂತೆಗೆ ಹೋಗಿದ್ದ ಒಂದು ಸಂಜೆ ಕುರಿಗಳನ್ನು ಹಟ್ಟಿಗೆ ಸೇರಿಸುವ ಕೆಲಸ ಮಗನ ಪಾಲಿಗೆ ಬಂತು. ಎಷ್ಟಿವೆ ಎಂದು ಹಿಂದಿನ ದಿನವೇ ಕದ್ದು ಎಣಿಸಿಟ್ಟುಕೊಂಡಿದ್ದ. ಆ ಸಂಖ್ಯೆಯನ್ನು ಇಲ್ಲಿ ಬರೆಯುವಂತಿಲ್ಲ, ಮನೆಯವರು ಇಂದಿಗೂ ಒಪ್ಪುವುದಿಲ್ಲ. ಒಂದೊಂದೇ ಒಳಗೆ ಬಿಟ್ಟ, ಲೆಕ್ಕ ತಾಳೆಯಾಯಿತು, ಮುಳ್ಳಿನ ಬಾಗಿಲು ಎಳೆದ. ಅಪ್ಪ ಬಂದು ಹಟ್ಟಿಯೊಳಗೆ ಒಮ್ಮೆ ಕಣ್ಣಾಡಿಸಿ ಚುಕ್ಕಿ ಎಲ್ಲಿ ಎಂದು ಕೇಳಿದ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕುರಿ ಅದು. ಹಳ್ಳದ ಪೊದೆಗೆ ಸಿಕ್ಕಿಕೊಂಡು ಅರಚುತ್ತಿತ್ತು. ಅದರ ಬದಲಿಗೆ ಪಕ್ಕದ ಬೂದೆಪ್ಪನ ಕುರಿಯೊಂದು ಒಳಗೆ ಬಂದು, ಲೆಕ್ಕ ತುಂಬಿಸಿ, ಹಾಯಾಗಿ ಮೆಲುಕು ಹಾಕುತ್ತಿತ್ತು.

“ಲೆಕ್ಕ ಸರಿ ಅದಲೇ, ಕುರಿ ಸರಿ ಇಲ್ಲ,” ಎಂದ ಕನಕಪ್ಪ. “ಮಖಾ ನೋಡಿ ಒಳಗ ಬಿಡಬೇಕು.”

ಬೆನ್ನಿಗೆ ಒಂದು ಗುದ್ದೂ ಬಿತ್ತು. ಕುರಿ ತಪ್ಪಿಸಿದ್ದಕ್ಕಲ್ಲ, ಎಣಿಸಿದ್ದಕ್ಕೆ. ಹಿಂಡನ್ನು ಎಣಿಸಿದರೆ ದೃಷ್ಟಿ ತಾಗುತ್ತದೆ, ಹಿಂಡು ಕರಗುತ್ತದೆ ಎಂಬುದು ಅವರ ನಂಬಿಕೆ. ಕುರಿ ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಕನಕಪ್ಪ, ಅವಾ ನಾಕು ಎಂದು ಹೇಳಿ ಮಾತು ಬದಲಿಸುತ್ತಿದ್ದ. ಸಂಜೆ ಹಟ್ಟಿಯ ಬಾಯಲ್ಲಿ ನಿಂತು, ಒಳಗೆ ಹೋಗುವ ಒಂದೊಂದರ ಬೆನ್ನು ಮುಟ್ಟಿ, ಒಂದೊಂದಕ್ಕೂ ಏನೋ ಒಂದು ಮಾತಾಡಿ ಬಿಡುವುದು ಅವನ ಪದ್ಧತಿ. ಹಾಗೆ ಮುಟ್ಟುವವನಿಗೆ ಯಾವುದು ಬಂತು, ಯಾವುದು ಬಂದಿಲ್ಲ, ಯಾವುದಕ್ಕೆ ಜ್ವರ ಎಂಬುದು ಎಣಿಸದೆಯೇ ತಿಳಿಯುತ್ತದೆ. ಇದು ಮೂಢನಂಬಿಕೆಯೋ ಕಸುಬಿನ ಜಾಣತನವೋ ಎಂದು ಅಂಬಣ್ಣ ಮುಂದೆ ಬಹಳ ದಿನ ಯೋಚಿಸಿದ್ದುಂಟು. ಗುದ್ದಿನ ನೋವು ಆರುವವರೆಗೆ ಮಾತ್ರ ಮೂಢನಂಬಿಕೆಯೆಂದೇ ಅನಿಸಿತ್ತು.

೧೯೭೫ರಲ್ಲಿ ಊರಿಗೆ ಟಿವಿ ಬಂತು. ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಚಿತ್ರ ಇಳಿಸುವ ಒಂದು ವರ್ಷದ ಪ್ರಯೋಗಕ್ಕೆ ರಾಯಚೂರು ಜಿಲ್ಲೆಯನ್ನೂ ಆರಿಸಿದ್ದರು. ಶಾಲೆಯ ಮಾಳಿಗೆಯ ಮೇಲೆ ತಂತಿಬಲೆಯ ದೊಡ್ಡ ಕೊಡೆ ಅಂಗಾತ ಮಲಗಿತು, ಕೆಳಗೆ ಬೀಗ ಹಾಕುವ ಬಾಗಿಲಿನ ಪೆಟ್ಟಿಗೆಯಲ್ಲಿ ಟಿವಿ ಕೂತಿತು. ಸಂಜೆ ಅರ್ಧ ತಾಸು ಕನ್ನಡ. ಮೊದಲ ವಾರ ಇಡೀ ಊರೇ ಬಂದು ಕೂತಿತು, ಎರಡನೇ ವಾರಕ್ಕೆ ಯಾವುದು ನೋಡಬೇಕು ಯಾವುದಕ್ಕೆ ಎದ್ದು ಹೋಗಬೇಕು ಎಂಬುದು ಜನರಿಗೆ ಗೊತ್ತಾಯಿತು.

ಒಂದು ಸಂಜೆ ಕುರಿ ಸಾಕಣೆಯ ಚಿತ್ರವಿತ್ತು. ಎಲ್ಲಿ ತೆಗೆದಿದ್ದರೋ, ನೋಡಲು ಬಲು ಚೆಂದ. ಆಗಷ್ಟೇ ಹುಟ್ಟಿದ ಸೂರ್ಯ, ಹುಲ್ಲಿನ ತುದಿಯಲ್ಲಿ ಹೊಳೆಯುವ ಇಬ್ಬನಿ, ಅದರೊಳಗೆ ನಡೆದು ಬರುವ ಕುರಿಗಳು. ಹದಿನೈದರ ಅಂಬಣ್ಣ ಬಾಯಿ ತೆರೆದು ನೋಡುತ್ತಿದ್ದ. ಕನಕಪ್ಪ ಕಂಬಳಿ ಕೊಡವಿ ಎದ್ದ.

“ಇಬ್ಬನಿ ಆರಿಲ್ಲ, ಅಷ್ಟರಾಗ ಕುರಿ ಬಿಟ್ಟಾನ. ಹಸಿ ಹುಲ್ಲು ಮೇಯ್ದ್ರ ಬ್ಯಾನಿ ಬರ್ತದ ಅನ್ನಾದು ಗೊತ್ತಿಲ್ಲದಾವ ನನಗೇನ್ ಹೇಳ್ತಾನ?”

ಅವನ ಹಿಂದೆ ಕುರಿಯವರೆಲ್ಲ ಎದ್ದರು. ಅಂಗಳದಲ್ಲಿ ಒಕ್ಕಲುತನದವರೂ ಮಕ್ಕಳೂ ಉಳಿದರು. ಕುರಿಯವರಿಗಾಗಿಯೇ ಮಾಡಿದ ಚಿತ್ರವನ್ನು ಅವರನ್ನು ಬಿಟ್ಟು ಮಿಕ್ಕವರೆಲ್ಲ ಕೊನೆಯವರೆಗೆ ನೋಡಿದರು.

ಮರುದಿನ ರಾಯಚೂರಿನಿಂದ ಅಹಲ್ಯಾಬಾಯಿ ಬಂದಳು. ವೈಷ್ಣವರ ಮನೆಯ ಹೆಣ್ಣುಮಗಳು, ತಂದೆ ಮಾಸ್ತರರು, ಅವಳಿಗೆ ಇಪ್ಪತ್ತೈದಿರಬಹುದು. ಚಿತ್ರ ನೋಡಿದವರನ್ನು ಪ್ರಶ್ನೆ ಕೇಳಿ ಉತ್ತರವನ್ನು ಕಾಗದದಲ್ಲಿ ಬರೆದುಕೊಳ್ಳುವುದು ಅವಳ ನೌಕರಿ. ಬಿಸಿಲಲ್ಲಿ ಮನೆಮನೆ ತಿರುಗಿದಳು. ಎಲ್ಲರೂ ಚಲೋ ಇತ್ತು ಎಂದರು, ಏನು ಚಲೋ ಎಂದರೆ ಎಲ್ಲಾ ಚಲೋ ಎಂದರು. ಬಾವಿಯ ಕಟ್ಟೆಯ ಮೇಲೆ ಕೂತು ಅವಳು ನೀರು ಕುಡಿಯುತ್ತಿದ್ದಾಗ ಅಂಬಣ್ಣ ಹತ್ತಿರ ಹೋದ.

“ಎಲ್ಲಾರು ಸುಳ್ಳು ಹೇಳ್ಯಾರ್ರಿ ಅಕ್ಕಾರ,” ಎಂದ. “ಚಲೋ ಇತ್ತಂದ್ರ ನೀವು ಲಗೂ ಹೋಗ್ತೀರಿ ಅಂತ.”

ಇಬ್ಬನಿಯ ಸಂಗತಿಯನ್ನೆಲ್ಲ ಹೇಳಿದ. ಅಹಲ್ಯಾಬಾಯಿ ನಗಲಿಲ್ಲ, ಬೈಯಲಿಲ್ಲ, ಒಂದಕ್ಷರ ಬಿಡದೆ ಬರೆದುಕೊಂಡಳು. ಹೋಗುವಾಗ ತನ್ನ ವಿಳಾಸ ಬರೆದುಕೊಟ್ಟು, ಓದು ಮುಗಿದ ಮೇಲೆ ಒಂದು ಕಾಗದ ಹಾಕು ಎಂದಳು. ಮರುವರ್ಷ ಪ್ರಯೋಗ ಮುಗಿದು ಟಿವಿಯನ್ನೂ ಕೊಡೆಯನ್ನೂ ಲಾರಿಯಲ್ಲಿ ಹೇರಿಕೊಂಡು ಹೋದರು. ಅಂಬಣ್ಣನಿಗೆ ಉಳಿದದ್ದು ಆ ವಿಳಾಸ, ಮತ್ತು ಯಾರಿಗೂ ಹೇಳದ ಒಂದು ಆಸೆ. ಅಪ್ಪ ಕಂಬಳಿ ಕೊಡವಿ ಏಳದಂಥ ಒಂದು ಚಿತ್ರ ತೆಗೆಯಬೇಕು. ಅಷ್ಟೇ.

ಕಾಲೇಜಿಗೆಂದು ರಾಯಚೂರಿಗೆ ಹೋದ. ತೀನ್ ಕಂದೀಲ್ ವೃತ್ತದ ಹತ್ತಿರ ಗುಲಾಮ್ ದಸ್ತಗೀರ್ ಸಾಹೇಬರ ಫೋಟೋ ಸ್ಟುಡಿಯೋ ಇತ್ತು. ಬೆಳಗ್ಗೆ ಪಾಠ, ಮಧ್ಯಾಹ್ನದಿಂದ ಅಲ್ಲಿ ಕೆಲಸ. ಸ್ಟುಡಿಯೋದ ಗೋಡೆಗೆ ಒಂದು ಕರಿ ಕೋಟು ತೂಗುಹಾಕಿರುತ್ತಿತ್ತು. ನೌಕರಿಯ ಅರ್ಜಿಗೆ ಫೋಟೋ ಬೇಕಾದವರೆಲ್ಲ ಅದನ್ನೇ ತೊಡುತ್ತಿದ್ದರು. ಆ ಕಾಲದ ರಾಯಚೂರಿನ ಅರ್ಧ ಪದವೀಧರರು ಒಂದೇ ಕೋಟಿನಲ್ಲಿ ಸರ್ಕಾರದ ಮುಂದೆ ನಿಂತಿದ್ದಾರೆ. ಬಡಕಲು ಮೈಯವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಚಿಮುಟ ಸಿಕ್ಕಿಸಿ ಕೋಟು ಬಿಗಿ ಮಾಡುವುದು ಅಂಬಣ್ಣನ ಪಾಲಿನ ಕೆಲಸ.

ದಸ್ತಗೀರ್ ಸಾಹೇಬರು ಹೆಚ್ಚು ಮಾತಿನವರಲ್ಲ. ರೆಡಿ ಎಂದು ಮಾತ್ರ ಎಂದೂ ಅನ್ನುತ್ತಿರಲಿಲ್ಲ. ಗಿರಾಕಿಯ ಊರು, ಮಳೆ, ಮನೆಮಂದಿಯ ಸುದ್ದಿ ಕೇಳುತ್ತ, ಅವನು ಕ್ಯಾಮೆರಾ ಮರೆತ ಗಳಿಗೆಯಲ್ಲಿ ಗುಂಡಿ ಒತ್ತುತ್ತಿದ್ದರು. ರೆಡಿ ಅಂದ ಕೂಡಲೇ ಮನುಷ್ಯ ಓಡಿಹೋಗಿ ಬರೇ ಮುಖ ಉಳಿಯುತ್ತದೆ ಎನ್ನುವುದು ಅವರ ಅನುಭವ. ನಾಲ್ಕು ವರ್ಷ ಅವರ ಕೈಕೆಳಗೆ ಪಳಗಿದ ಅಂಬಣ್ಣ ೧೯೮೧ರಲ್ಲಿ ಅಹಲ್ಯಾಬಾಯಿಗೆ ಕಾಗದ ಹಾಕಿದ. ಆಗ ಅವಳು ಗುಲ್ಬರ್ಗಾದ ಟಿವಿ ಕೇಂದ್ರದಲ್ಲಿ ಹಳ್ಳಿ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದಳು. ಇಬ್ಬನಿಯ ಹುಡುಗ ಎಂದರೆ ಸಾಕಾಗಿತ್ತು, ನೆನಪಿಟ್ಟುಕೊಂಡಿದ್ದಳು.

ಸಿಕ್ಕದ್ದು ತಾತ್ಕಾಲಿಕ ಕೆಲಸ. ದೀಪ ಹೊರುವುದು, ವೈರು ಸುತ್ತುವುದು, ಫಿಲ್ಮಿನ ತುಂಡುಗಳನ್ನು ಅಂಟಿಸುವುದು. ಎರಡು ವರ್ಷ ಹೀಗೇ ನಡೆದ ಮೇಲೆ ಅಹಲ್ಯಾಬಾಯಿ ಕರೆದು ವಿಷಯ ನೇರವಾಗಿ ಹೇಳಿದಳು. ಒಂದು ಚಿತ್ರ ಸ್ವಂತವಾಗಿ ಮಾಡು. ಪ್ರಸಾರಕ್ಕೆ ಮುಂಚೆ ಅದನ್ನು ಹಳ್ಳಿಯಲ್ಲಿ ತೋರಿಸಿ ಜನ ಏನೆನ್ನುತ್ತಾರೆ ಎಂದು ಬರೆದುಕೊಳ್ಳುತ್ತೇವೆ. ಆ ಕಾಗದಕ್ಕೆ ನನ್ನ ಸಹಿ ಬಿದ್ದರೆ ನೀನು ನಿರ್ದೇಶಕ, ಬೀಳದಿದ್ದರೆ ಜೂನ್ ಮುಗಿದ ಮೇಲೆ ನಿನಗೆ ಇಲ್ಲಿ ಕೆಲಸವಿಲ್ಲ. ಯಾವ ವಿಷಯ ಎಂದು ಕೇಳಿದಾಗ ಅಂಬಣ್ಣ ಕುರಿ ಎಂದ. ಬೇರೆ ಏನು ಹೇಳಿಯಾನು.

೧೯೮೩ರ ಫೆಬ್ರವರಿ. ಕನಕಪ್ಪನ ಹಿಂಡು ದೇವದುರ್ಗದ ಕಡೆ ಹೋಗಿತ್ತು. ಪ್ರತಿವರ್ಷ ಸುಗ್ಗಿಯಾದ ಮೇಲೆ ಕೃಷ್ಣೆಯ ದಂಡೆಯ ಹೊಲಗಳಲ್ಲಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಬದಲು ಜೋಳ ಪಡೆಯುವುದು ಅವರ ರೂಢಿ. ಅಂಬಣ್ಣ ಅಲ್ಲಿಗೇ ಹೋದ. ಜೊತೆಗೆ ಕ್ಯಾಮೆರಾಮನ್ ಗುರುರಾಜ, ಮಾನ್ವಿಯ ಕಡೆಯವನು, ಕೆಲಸದಲ್ಲಿ ಗಟ್ಟಿಗ, ನಾಲಿಗೆ ಸ್ವಲ್ಪ ಚುರುಕು. ಕೈಯಲ್ಲಿದ್ದದ್ದು ಮೂರೇ ಸುರುಳಿ ಫಿಲ್ಮು. ಒಂದೊಂದು ಹನ್ನೊಂದು ನಿಮಿಷ ಓಡುತ್ತದೆ.

ಮೊದಲ ದಿನ ಬೆಳಗ್ಗೆಯೇ ಜಗಳ. ಗುರುರಾಜನಿಗೆ ಎಳೆ ಬಿಸಿಲಲ್ಲಿ ಕುರಿ ಬೇಕು, ಕನಕಪ್ಪ ಇಬ್ಬನಿ ಆರುವವರೆಗೆ ಬಿಡುವುದಿಲ್ಲ. ಹೊತ್ತೇರಿದರೆ ಎಲ್ಲಾ ಬೆಳ್ಳಗೆ ಬರುತ್ತದೆ, ತಾನೇನು ಸುಣ್ಣ ಬಳಿದ ಗೋಡೆ ತೆಗೆಯಲೇ ಎಂದು ಗುರುರಾಜ ಸಿಡುಕಿದ. ಎಳೆ ಬಿಸಿಲು ಎಷ್ಟು ಚೆಂದ ಎಂದು ಅಂಬಣ್ಣನ ಕಣ್ಣಿಗೂ ಕಾಣುತ್ತಿತ್ತು. ಹಿಂದೆ ಆ ಚಿತ್ರ ತೆಗೆದವನು ದಡ್ಡನಲ್ಲ, ಚೆಲುವಿಗೆ ಸೋತವನು ಎಂಬುದು ಅವನಿಗೆ ಅರಿವಾದದ್ದು ಆಗ. ಆದರೂ ಒಂಬತ್ತರವರೆಗೆ ಕಾದರು. ಲಸಿಕೆ ಹಾಕುವುದು, ಮೇಯುವುದು, ಮರಿಗೆ ಹಾಲೂಡಿಸುವುದು, ಎರಡು ಸುರುಳಿ ಖರ್ಚಾದವು.

ಇನ್ನೊಂದು ಮುಖ್ಯ ಭಾಗ ಬಾಕಿ ಇತ್ತು. ತಜ್ಞರು ಬರೆದುಕೊಟ್ಟ ಹಾಳೆಯ ಪ್ರಕಾರ ಕುರಿಗಾರ ಕ್ಯಾಮೆರಾ ಎದುರು ನಿಂತು, ನನ್ನ ಬಳಿ ಇಷ್ಟು ಕುರಿಗಳಿವೆ, ಲಸಿಕೆ ಹಾಕಿಸಿದ ಮೇಲೆ ಒಂದೂ ಸತ್ತಿಲ್ಲ ಎಂದು ಹೇಳಬೇಕು. ಅಪ್ಪ ಒಪ್ಪುವುದಿಲ್ಲವೆಂದು ಅಂಬಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ, ಆ ಮಾತು ಇಲ್ಲದಿದ್ದರೆ ಮೇಲಿನವರು ಚಿತ್ರವನ್ನೇ ಒಪ್ಪಲಿಕ್ಕಿಲ್ಲ ಎಂಬ ಹೆದರಿಕೆಗೆ, ಎಲ್ಲರ ಎದುರು ಕೇಳಿಬಿಟ್ಟ. ಕುರಿ ಎಷ್ಟು ಅಂತ ಒಂದು ಮಾತು ಹೇಳು ಎಂದ.

ಕನಕಪ್ಪ ಮಗನ ಮುಖ ನೋಡಿದ. “ನೀ ಕೇಳಾಕತ್ತೀಯೇನು ಇದನ್ನ?” ಎಂದು ಕೋಲು ತೆಗೆದುಕೊಂಡು ಹಿಂಡಿನ ಕಡೆ ನಡೆದ.

ಹತ್ತನೇ ವಯಸ್ಸಿನ ಗುದ್ದು ಇಷ್ಟು ನೋಯಿಸಿರಲಿಲ್ಲ. ಅಂಬಣ್ಣ ನಾಚಿಕೆಯಿಂದ ಹೊಲದ ಬದುವಿನ ಮೇಲೆ ಕೂತ. ಗುರುರಾಜನೂ ಅಂದು ಏನೂ ಆಡಿಕೊಳ್ಳಲಿಲ್ಲ, ಚಹಾ ತಂದುಕೊಟ್ಟ.

ಸಂಜೆ ಐದೂವರೆಯ ಹೊತ್ತಿಗೆ ಕುರಿಗಳು ಹಟ್ಟಿಗೆ ಮರಳಿದವು. ಕನಕಪ್ಪ ಎಂದಿನಂತೆ ಹಟ್ಟಿಯ ಬಾಯಲ್ಲಿ ನಿಂತ. ಅಂಬಣ್ಣ ಗುರುರಾಜನ ಕಿವಿಯಲ್ಲಿ ಒಂದೇ ಮಾತು ಹೇಳಿದ, ಶುರು ಮಾಡು, ಸುರುಳಿ ಮುಗಿಯುವವರೆಗೆ ನಿಲ್ಲಿಸಬೇಡ. ತಾನು ಮೈಕನ್ನು ಕಂಬಳಿಯೊಳಗೆ ಹಿಡಿದು ಬೇಲಿಯ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತ. ರೆಡಿ ಎಂದು ಯಾರೂ ಅನ್ನಲಿಲ್ಲ. ಕೆಂಗುರಿಗಳು ಇಳಿಬಿಸಿಲಲ್ಲಿ ಒಂದರ ಹಿಂದೊಂದು ಬಂದವು. ಕನಕಪ್ಪನ ಕೈ ಒಂದೊಂದರ ಬೆನ್ನ ಮೇಲೆ ಇಳಿದು ಏಳುತ್ತಿತ್ತು. ನೀ ಬಾ, ನಿನ್ನ ಮರಿ ಎಲ್ಲಿ, ಕೆಂಚಿ ಹೊಟ್ಟಿ ತುಂಬಿತೇನು, ಹೀಗೆ ಅವನು ತನ್ನಷ್ಟಕ್ಕೆ ಮಾತಾಡುತ್ತಿದ್ದ. ಕೊನೆಯ ಮರಿ ಒಳಗೆ ಹೋಗಿ, ಅವನು ಮುಳ್ಳಿನ ಬಾಗಿಲು ಎಳೆದ. ಅಷ್ಟರಲ್ಲಿ ಸುರುಳಿಯೂ ಮುಗಿಯಿತು.

ಕೇಂದ್ರದಲ್ಲಿ ಅಹಲ್ಯಾಬಾಯಿ ಅದನ್ನು ಕೊನೆಯವರೆಗೆ ನೋಡಿದಳು. ಸಂಖ್ಯೆ ಹೇಳುವ ಮಾತು ಬೇಕಿಲ್ಲ, ಇದಿರಲಿ ಎಂದಳು. ಹನ್ನೊಂದು ನಿಮಿಷ ಕುರಿ ಒಳಗೆ ಹೋಗುವುದನ್ನು ಯಾರು ನೋಡುತ್ತಾರೆ ಎಂಬ ಅನುಮಾನ ಅವಳಿಗೂ ಇತ್ತು, ಅದನ್ನು ಹಳ್ಳಿಯವರೇ ಹೇಳಲಿ ಎಂದಳು. ಅಂಬಣ್ಣ ಒಂದು ಕಡೆ ಮಾತ್ರ ಕತ್ತರಿ ಆಡಿಸಿದ. ನಡುವೆ ಒಂದು ಕುರಿ ಕುಂಟುತ್ತ ಬಂದು ಬಾಗಿಲಲ್ಲೇ ನಿಂತಿತ್ತು. ಕನಕಪ್ಪ ಬಗ್ಗಿ ಅದರ ಗೊರಸು ನೋಡುತ್ತಿದ್ದ, ನಲವತ್ತು ಸೆಕೆಂಡು ಕ್ಯಾಮೆರಾಕ್ಕೆ ಅವನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಷ್ಟನ್ನು ತೆಗೆದು ಎರಡು ತುದಿ ಅಂಟಿಸಿದ. ಮೊದಲಿನ ಕುರಿಯ ಹಿಂದೆ ಮುಂದಿನದು ನೆಟ್ಟಗೆ ಬಂತು. ಅಹಲ್ಯಾಬಾಯಿಗೆ ಗೊತ್ತಾಗಲಿಲ್ಲ. ತೆಗೆದ ಗುರುರಾಜನಿಗೇ ಗೊತ್ತಾಗಲಿಲ್ಲ. ಅಂಬಣ್ಣ ತನ್ನ ಕೈಚಳಕಕ್ಕೆ ತಾನೇ ಬೀಗಿದ.

ಜೂನ್ ಮೊದಲ ವಾರ, ಹಿಂಡುಗಳು ಊರಿಗೆ ಮರಳಿದ ಮೇಲೆ, ಹಿರೇಕೊಟ್ನೆಕಲ್ಲಿನ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿದರು. ದೀಪ ಹಚ್ಚುವ ಹೊತ್ತು. ಪ್ರೊಜೆಕ್ಟರಿನಲ್ಲಿ ಚಿತ್ರ, ಪಕ್ಕದ ಟೇಪ್ ರೆಕಾರ್ಡರಿನಲ್ಲಿ ಧ್ವನಿ. ಎಂಟು ವರ್ಷದ ಹಿಂದೆ ಎದ್ದು ಹೋದ ಕುರಿಯವರೆಲ್ಲ ಬಂದು ಕೂತಿದ್ದರು. ಅಂಬಣ್ಣ ಪರದೆ ನೋಡಲಿಲ್ಲ, ಅಪ್ಪನ ಕಂಬಳಿ ನೋಡುತ್ತಿದ್ದ. ಹನ್ನೊಂದು ನಿಮಿಷಕ್ಕೆ ನಲವತ್ತು ಸೆಕೆಂಡು ಕಡಿಮೆ, ಯಾರೂ ಏಳಲಿಲ್ಲ. ಕೆಂಚಿ, ಚುಕ್ಕಿಯ ಮೊಮ್ಮಗಳು ಎಂದೆಲ್ಲ ಜನ ಒಬ್ಬರಿಗೊಬ್ಬರು ತೋರಿಸಿಕೊಂಡರು. ಕನಕಪ್ಪನೂ ಕೂತೇ ಇದ್ದ, ಕತ್ತು ಮುಂದೆ ಚಾಚಿ.

ದೀಪ ಹಾಕಿದ ಮೇಲೆ ಅಹಲ್ಯಾಬಾಯಿ ಕಾಗದ ತೆಗೆದು, ತಪ್ಪೇನಾದರೂ ಕಂಡಿತೇ ಎಂದು ಕೇಳಿದಳು. ಎಲ್ಲರೂ ಚಲೋ ಇತ್ತು ಎಂದರು. ಈ ಸಲ ಅದು ನಿಜವೆಂದು ಅವಳಿಗೂ ಗೊತ್ತಿತ್ತು, ಪೆನ್ನಿನ ಮುಚ್ಚಳ ತೆಗೆದಳು. ಆಗ ಕನಕಪ್ಪ ಬಾಯಿಬಿಟ್ಟ.

“ಒಂದು ಹೊರಗ ಉಳದದ. ಮೋಟಗಿವಿ ಬರಲಿಲ್ಲ. ಅಷ್ಟರಾಗ ಬಾಗಿಲು ಹಾಕ್ಯಾರ.”

ಅಹಲ್ಯಾಬಾಯಿ ಅಂಬಣ್ಣನ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದಳು. ನಿಜ, ನಾನೇ ಕತ್ತರಿಸಿದ್ದು ಎಂದ. ಅವಳು ತಪ್ಪುಗಳ ಅಂಕಣದಲ್ಲಿ ಒಂದು ಕುರಿ ಕಡಿಮೆ ಎಂದು ಬರೆದು ಪೆನ್ನು ಮುಚ್ಚಿದಳು.

“ತಪ್ಪು ತೋರಿಸಿದವರೇ ನೋಡಿ ಸರಿ ಅದ ಅನ್ನಬೇಕು. ಅಲ್ಲೀತನಕ ನಾ ಸಹಿ ಮಾಡೂದಿಲ್ಲ ಅಂಬಣ್ಣ.”

ಅಂಬಣ್ಣನಿಗೆ ಸಿಟ್ಟು ಬಂತು. ಊರೆಲ್ಲ ಮೆಚ್ಚಿದ ಚಿತ್ರ, ಮಗನ ಅನ್ನದ ಪ್ರಶ್ನೆ, ಒಂದು ಕುರಿಯ ಮಾತು ನುಂಗಿಕೊಂಡಿದ್ದರೆ ಅಪ್ಪನ ಗಂಟೇನು ಹೋಗುತ್ತಿತ್ತು. ಮನೆಗೆ ಬಂದು ಊಟಕ್ಕೆ ಕೂತಾಗ ಆ ಸಿಟ್ಟನ್ನು ಅವ್ವನ ಮುಂದೆ ತೋಡಿಕೊಂಡ. ಬಂಡೆಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಮೋಟಗಿವಿ ಸತ್ತು ಎರಡು ತಿಂಗಳಾತಪ್ಪಾ,” ಎಂದಳು. “ಕಾಲಾಗಿನ ಮುಳ್ಳು ಕೀವಾತು, ಉಳೀಲಿಲ್ಲ. ನಿಮ್ಮಪ್ಪ ಮೂರು ದಿನ ಅದನ್ನ ಹೆಗಲ ಮ್ಯಾಲ ಹೊತ್ತಾನ. ಚಿತ್ರದಾಗ ಅದ ಅಂತ ನೋಡಾಕ ಬಂದಿದ್ದ.”

ಅಂಬಣ್ಣ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಅಪ್ಪ ಕತ್ತು ಚಾಚಿ ಕೂತದ್ದು ಕಣ್ಣಿಗೆ ಕಟ್ಟಿತು. ಕೇಂದ್ರದಲ್ಲಿ ಕತ್ತರಿಸಿದ್ದು ಮೂಲ ಫಿಲ್ಮು, ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಬೇಡದ ತುಂಡುಗಳನ್ನು ನೇತುಹಾಕುವ ಬಟ್ಟೆಚೀಲವನ್ನು ತುಂಬಿದಾಗೊಮ್ಮೆ ಖಾಲಿ ಮಾಡುತ್ತಿದ್ದರು. ಬೆಳಗ್ಗೆ ಮೊದಲ ಬಸ್ಸು ಹಿಡಿದ. ದಾರಿಯುದ್ದಕ್ಕೂ ಅವನಿಗೆ ನೌಕರಿಯ ಯೋಚನೆ ಒಮ್ಮೆಯೂ ಬರಲಿಲ್ಲ, ಆ ಚೀಲದ್ದೇ ಚಿಂತೆ. ಚೀಲ ತುಂಬಿತ್ತು, ಆದರೆ ಇನ್ನೂ ಯಾರೂ ಸುರಿದಿರಲಿಲ್ಲ. ನೂರಾರು ತುಂಡುಗಳನ್ನು ಒಂದೊಂದೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸಂಜೆಯ ಹೊತ್ತಿಗೆ ಬಗ್ಗಿದ ಒಂದು ಬೆನ್ನು ಸಿಕ್ಕಿತು, ಅದರ ಪಕ್ಕದಲ್ಲಿ ಅರ್ಧ ತುಂಡಾದ ಒಂದು ಕಿವಿ. ಧ್ವನಿಯ ಟೇಪಿನ ತುಣುಕೂ ಅಲ್ಲೇ ಸುತ್ತಿಕೊಂಡಿತ್ತು. ಎರಡನ್ನೂ ಇದ್ದ ಜಾಗಕ್ಕೆ ಅಂಟಿಸಿದ. ಹೆಚ್ಚಾದ ನಲವತ್ತು ಸೆಕೆಂಡನ್ನು ಅಹಲ್ಯಾಬಾಯಿ, ಕೇಂದ್ರದಲ್ಲೇ ತೆಗೆದು ಚಿತ್ರದ ಮೊದಲಿಗೆ ಸೇರಿಸಿದ್ದ ತಜ್ಞರ ಭಾಷಣದಿಂದ ಕಳೆದಳು. ಅದು ಹೋದದ್ದನ್ನು ಇಂದಿನವರೆಗೆ ಯಾರೂ ಗಮನಿಸಿಲ್ಲ.

ಎರಡನೇ ಸಲ ಪರದೆಯನ್ನು ಕಟ್ಟಲಿಲ್ಲ, ಕನಕಪ್ಪನ ಮನೆಯ ಸುಣ್ಣದ ಗೋಡೆಯೇ ಸಾಕಾಯಿತು. ಕನಕಪ್ಪ, ಬಂಡೆಮ್ಮ, ಅಹಲ್ಯಾಬಾಯಿ, ಅಂಬಣ್ಣ, ನಾಲ್ಕೇ ಜನ. ಕೆಂಚಿ ಹೋಯಿತು. ಅದರ ಹಿಂದೆ ಮೋಟಗಿವಿ ಕುಂಟುತ್ತ ಬಂದು ಬಾಗಿಲಲ್ಲಿ ನಿಂತಿತು. ಗೋಡೆಯ ಮೇಲಿನ ಕನಕಪ್ಪ ಬಗ್ಗಿದ. ಕಾಣುವುದು ಬೆನ್ನು ಮಾತ್ರ, ಟೇಪಿನಿಂದ ಮಾತು ಕೇಳಿತು. ಕಾಲು ತಾ ಯವ್ವಾ. ಮುಳ್ಳೇನು. ನೋಯ್ತದೇನು. ತಡಿ. ಹೂಂ, ನಡಿ ಇನ್ನ.

“ನಡಿ ಇನ್ನ,” ಎಂದ ಚಾಪೆಯ ಮೇಲೆ ಕೂತಿದ್ದ ಕನಕಪ್ಪ, ಅದರ ಜೊತೆಗೇ.

ಮೋಟಗಿವಿ ಒಳಗೆ ಹೋಯಿತು. ಉಳಿದವೂ ಹೋದವು, ಕೊನೆಗೆ ಒಂದು ಮರಿ. ಅಹಲ್ಯಾಬಾಯಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕನಕಪ್ಪನ ಕಡೆಯೇ ನೋಡುತ್ತಿದ್ದಳು. ಕನಕಪ್ಪ ಗೋಡೆಯಿಂದ ಕಣ್ಣು ತೆಗೆಯದೆ ಮಗನಿಗೆ ಹೇಳಿದ:

“ಎಲ್ಲಾ ಬಂದ್ವಲೇ. ಈಗ ಬಾಗಿಲು ಹಾಕು.”

ಗೋಡೆಯ ಮೇಲೆ ಮುಳ್ಳಿನ ಬಾಗಿಲು ಮುಚ್ಚಿಕೊಂಡಿತು. ಅಹಲ್ಯಾಬಾಯಿ ಪೆನ್ನು ತೆಗೆದು ಸಹಿ ಮಾಡಿದಳು.